ಗಡಿಯಾರದ ಕಂಡರಣೆ: ಐದು ಶತಮಾನಗಳ ಕುಸುರಿ ಕಲೆ

ಹರಿತವಾದ ಉಳಿಯಿಂದ ಲೋಹವನ್ನು ಎಳೆಯೆಳೆಯಾಗಿ ಕೆತ್ತಿ ತೆಗೆದು, ಮೇಲ್ಮೈಯಲ್ಲಿ ಬಳ್ಳಿ, ಚಿತ್ರ, ಅಕ್ಷರ ಮೊದಲಾದವನ್ನು ಮೂಡಿಸುವ ಕಲೆಗೆ ಕಂಡರಣೆ ಎಂದು ಹೆಸರು. ಆಭರಣ, ಆಯುಧ, ನಾಣ್ಯದ ಅಚ್ಚು, ಪೂಜಾಪಾತ್ರೆ ಹೀಗೆ ನಾನಾ ವಸ್ತುಗಳ ಮೇಲೆ ಈ ಕಲೆ ಬೆಳೆದು ಬಂದಿದೆ. ಇವೆಲ್ಲವುಗಳಲ್ಲಿ ಅತಿ ಕಿರಿದಾದ ಹರವಿನ ಮೇಲೆ ನಡೆಯುವ ಕೆಲಸವೆಂದರೆ ಗಡಿಯಾರದ ಕಂಡರಣೆ. ರೂಪಾಯಿ ನಾಣ್ಯದಷ್ಟಗಲದ ಕವಚ, ಕಾಗದದಷ್ಟು ತೆಳುವಾದ ಲೋಹದ ತಗಡು, ಬೆರಳ ತುದಿಗಿಂತ ಚಿಕ್ಕದಾದ ಯಂತ್ರಭಾಗ ಇವೇ ಇಲ್ಲಿ ಕಲಾವಿದನ ಫಲಕಗಳು.

ಗಡಿಯಾರ ಕಾಲವನ್ನು ತೋರಿಸಲು ಹೆಚ್ಚಿನ ಕಂಡರಣೆಯಿಂದ ಯಾವ ನೆರವೂ ಇಲ್ಲ. ಹಾಗಿದ್ದೂ ಸುಮಾರು ಐದು ಶತಮಾನಗಳಿಂದ ಅದು ಗಡಿಯಾರದೊಡನೆ ಉಳಿದುಬಂದಿದೆ. ಗಡಿಯಾರದ ಉಪಯೋಗ ಬದಲಾದಾಗಲೆಲ್ಲ ಕಂಡರಣೆಯ ಸ್ಥಾನವೂ ಬದಲಾಗಿದೆ. ಒಮ್ಮೆ ಕವಚದ ಮೇಲಿದ್ದದ್ದು ಮತ್ತೊಮ್ಮೆ ಯಂತ್ರದ ಒಳಗೆ ಸೇರಿದೆ. ಒಮ್ಮೆ ಊರಿಗೆ ಊರೇ ಅವಲಂಬಿಸಿದ್ದ ಕಸುಬು ಇಂದು ಕೆಲವೇ ಕೈಗಳಲ್ಲಿ ಉಳಿದಿದೆ. ಆ ಕಥೆಯನ್ನೂ ಈ ಕಲೆಯ ವಿಧಾನಗಳನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಆರಂಭದ ದಿನಗಳು

ಒಯ್ಯಬಲ್ಲ ಗಡಿಯಾರಗಳು ಜರ್ಮನಿಯ ನ್ಯೂರೆಂಬರ್ಗ್ ಮೊದಲಾದ ನಗರಗಳಲ್ಲಿ 16ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದವು. ಅವುಗಳಿಗೆ ಗಂಟೆಯ ಮುಳ್ಳು ಮಾತ್ರ ಇರುತ್ತಿತ್ತು. ದಿನವೊಂದಕ್ಕೆ ಅರ್ಧ ಗಂಟೆಯಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಪ್ಪುವುದು ಸಾಮಾನ್ಯವಾಗಿತ್ತು. ಹೀಗೆ ಕಾಲವನ್ನು ನೆಚ್ಚಿ ಹೇಳಲಾರದ ಯಂತ್ರಕ್ಕೆ ಬೆಲೆ ಬಂದದ್ದು ಅದರ ಅಪೂರ್ವತೆಯಿಂದ ಮತ್ತು ಅಲಂಕಾರದಿಂದ. ಕೊರಳಲ್ಲಿ ಅಥವಾ ಸೊಂಟದಲ್ಲಿ ತೂಗುಬಿಡುತ್ತಿದ್ದ ಈ ಗಡಿಯಾರಗಳು ಆಭರಣಗಳೇ ಆಗಿದ್ದವು. ಚಿನ್ನದ ನೀರು ಕೊಟ್ಟ ಹಿತ್ತಾಳೆಯ ಕವಚಗಳ ಮೇಲೆ ಎಲೆಬಳ್ಳಿಗಳನ್ನೂ ಬೇಟೆಯ ದೃಶ್ಯಗಳನ್ನೂ ಬೈಬಲಿನ ಕಥೆಗಳನ್ನೂ ಕೆತ್ತುತ್ತಿದ್ದರು.

1675ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಸಮತೋಲ ಚಕ್ರಕ್ಕೆ ಸುರುಳಿ ಸ್ಪ್ರಿಂಗನ್ನು ಅಳವಡಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಗಡಿಯಾರದ ನಿಖರತೆ ಬಹಳವಾಗಿ ಹೆಚ್ಚಿತು. ನಿಮಿಷದ ಮುಳ್ಳು ಸಾಮಾನ್ಯವಾಯಿತು. ಗಡಿಯಾರ ಆಭರಣದ ಸ್ಥಾನದಿಂದ ಉಪಕರಣದ ಸ್ಥಾನಕ್ಕೆ ಬಂದಿತು. ಆದರೆ ಕಂಡರಣೆ ಅಳಿಯಲಿಲ್ಲ. ಇಂಗ್ಲೆಂಡಿನಲ್ಲಿ 17 ಮತ್ತು 18ನೆಯ ಶತಮಾನಗಳಲ್ಲಿ ಅದು ಯಂತ್ರದ ಒಳಭಾಗಕ್ಕೆ ವಲಸೆ ಹೋಯಿತು. ಸಮತೋಲ ಚಕ್ರದ ಮೇಲ್ತುದಿಯನ್ನು ಹಿಡಿದಿಡುವ ಪುಟ್ಟ ಸೇತುವೆಗೆ 'ಬ್ಯಾಲೆನ್ಸ್ ಕಾಕ್' ಎಂದು ಹೆಸರು. ಆ ಕಾಲದ ಇಂಗ್ಲಿಷ್ ಗಡಿಯಾರಗಳಲ್ಲಿ ಈ ತುಣುಕನ್ನು ಜಾಲಂಧ್ರದಂತೆ ಕೊರೆದು, ಹೂಬಳ್ಳಿ, ಹಕ್ಕಿ, ಮುಖವಾಡಗಳನ್ನು ಕೆತ್ತಿರುತ್ತಿದ್ದರು. ಗಡಿಯಾರದ ಒಡೆಯ ಕವಚ ತೆರೆದು ನೋಡಿದಾಗಲಷ್ಟೇ ಅದು ಕಾಣುತ್ತಿತ್ತು. 19ನೆಯ ಶತಮಾನದಲ್ಲಿ ಆ ಗಡಿಯಾರಗಳು ಹಳತಾಗಿ ಗುಜರಿ ಸೇರಿದಾಗ ಜನರು ಈ ತುಣುಕುಗಳನ್ನು ಮಾತ್ರ ಬಿಡಿಸಿಕೊಂಡು ಸರ, ಕೈಬಳೆಗಳಾಗಿ ಪೋಣಿಸಿಕೊಂಡರು. ಯಂತ್ರ ಕೆಲಸಕ್ಕೆ ಬಾರದಾದ ಮೇಲೂ ಕೆತ್ತನೆ ಬೆಲೆ ಉಳಿಸಿಕೊಂಡಿತೆಂಬುದಕ್ಕೆ ಇದೊಂದು ನಿದರ್ಶನ.

ಜಿನೀವಾ ಮತ್ತು ಜುರಾ ಬೆಟ್ಟಗಳು

ಗಡಿಯಾರದ ಕಂಡರಣೆ ಸ್ವತಂತ್ರ ಕಸುಬಾಗಿ ಬೆಳೆದದ್ದು ಸ್ವಿಟ್ಜರ್‌ಲೆಂಡಿನಲ್ಲಿ. 16ನೆಯ ಶತಮಾನದ ಮಧ್ಯಭಾಗದಲ್ಲಿ ಜಾನ್ ಕ್ಯಾಲ್ವಿನರ ಧರ್ಮಸುಧಾರಣೆಯು ಜಿನೀವಾದಲ್ಲಿ ಆಡಂಬರದ ಒಡವೆಗಳಿಗೂ ಕ್ಯಾಥೊಲಿಕ್ ಪೂಜಾಸಾಮಗ್ರಿಗಳಿಗೂ ನಿರ್ಬಂಧ ಹೇರಿತು. ಕೆಲಸ ಕಡಿಮೆಯಾದ ಅಕ್ಕಸಾಲಿಗರು ಗಡಿಯಾರದತ್ತ ತಿರುಗಿದರು. ಇದೇ ಕಾಲದಲ್ಲಿ ಮತೀಯ ಕಿರುಕುಳದಿಂದ ಫ್ರಾನ್ಸನ್ನು ಬಿಟ್ಟು ಬಂದ ಹ್ಯೂಗನೋ ಪಂಥದವರು ಗಡಿಯಾರ ತಯಾರಿಕೆಯ ವಿದ್ಯೆಯನ್ನು ತಂದರು. 1601ರಲ್ಲಿ ಜಿನೀವಾದಲ್ಲಿ ಗಡಿಯಾರ ತಯಾರಕರ ಸಂಘ ಸ್ಥಾಪಿತವಾಯಿತು.

ನಗರದ ಸಾಂ ಜೆರ್ವೆ ಬಡಾವಣೆಯ ಮನೆಗಳ ಮೇಲಂತಸ್ತುಗಳಲ್ಲಿ ಈ ಕುಶಲಕರ್ಮಿಗಳ ಕೋಣೆಗಳಿದ್ದವು. ಸೂಕ್ಷ್ಮ ಕೆಲಸಕ್ಕೆ ಬೇಕಾದ ಹಗಲ ಬೆಳಕು ಅಲ್ಲಿ ಧಾರಾಳವಾಗಿ ದೊರೆಯುತ್ತಿದ್ದುದೇ ಇದಕ್ಕೆ ಕಾರಣ. ಫ್ರೆಂಚಿನಲ್ಲಿ 'ಕಾಬಿನೆ' ಎನ್ನುವ ಆ ಕೋಣೆಗಳಿಂದಾಗಿ ಅವರಿಗೆ 'ಕಾಬಿನೋತಿಯೆ' ಎಂಬ ಹೆಸರು ಬಂದಿತು. ಕಂಡರಣೆಗಾರ, ಎನಾಮೆಲ್ ಲೇಪಿಸುವವ, ಕವಚ ಮಾಡುವವ, ರತ್ನ ಕೂರಿಸುವವ ಹೀಗೆ ಒಂದೊಂದು ಕೆಲಸಕ್ಕೂ ಒಬ್ಬೊಬ್ಬ ನಿಪುಣನಿದ್ದನು.

ಜಿನೀವಾದ ಈಶಾನ್ಯಕ್ಕೆ ಹಬ್ಬಿದ ಜುರಾ ಬೆಟ್ಟಗಳಲ್ಲಿ ಪರಿಸ್ಥಿತಿ ಬೇರೆಯಿತ್ತು. ದೀರ್ಘವಾದ ಹಿಮದ ಚಳಿಗಾಲದಲ್ಲಿ ಬೇಸಾಯಕ್ಕೆ ಅವಕಾಶವಿಲ್ಲದ ರೈತ ಕುಟುಂಬಗಳು ಕಿಟಕಿಯ ಬಳಿ ಕುಳಿತು ಗಡಿಯಾರದ ಬಿಡಿಭಾಗಗಳನ್ನು ಮಾಡುತ್ತಿದ್ದವು. ವರ್ತಕರು ಅವನ್ನು ಕೊಂಡು ಜೋಡಿಸಿ ಮಾರುತ್ತಿದ್ದರು. ಈ ಪ್ರದೇಶದ ಫ್ಲರಿಯೆ ಎಂಬ ಊರಿನಿಂದ 19ನೆಯ ಶತಮಾನದಲ್ಲಿ ಚೀನಾದ ಮಾರುಕಟ್ಟೆಗಾಗಿಯೇ ವಿಶೇಷ ಗಡಿಯಾರಗಳು ಹೋಗುತ್ತಿದ್ದವು. ಅವುಗಳಲ್ಲಿ ಯಂತ್ರದ ಸೇತುವೆಗಳ ಮೇಲೆಲ್ಲ ದಟ್ಟವಾಗಿ ಬಳ್ಳಿ ಕೆತ್ತಿ, ನೋಡಲು ಅನುಕೂಲವಾಗುವಂತೆ ಹಿಂಬದಿಗೆ ಗಾಜು ಕೂರಿಸುತ್ತಿದ್ದರು. ಇಂದು ಬೆಲೆಬಾಳುವ ಕೈಗಡಿಯಾರಗಳಲ್ಲಿ ಕಾಣುವ ಗಾಜಿನ ಹಿಂಬದಿಗೆ ಇಷ್ಟು ಹಿಂದಿನ ಪೂರ್ವಜವಿದೆ.

ಉಪಕರಣಗಳು ಮತ್ತು ಕೆಲಸದ ಕ್ರಮ

ಕಂಡರಣೆಗಾರನ ಮುಖ್ಯ ಉಪಕರಣ 'ಬ್ಯೂರಿನ್'. ಇದು ಗಟ್ಟಿ ಉಕ್ಕಿನ ಸಣ್ಣ ಉಳಿ. ಇದರ ಅಣಬೆಯಾಕಾರದ ಮರದ ಹಿಡಿ ಅಂಗೈಯೊಳಗೆ ಅಡಗುತ್ತದೆ. ತುದಿಯ ಆಕಾರ ಕೆಲಸಕ್ಕೆ ತಕ್ಕಂತೆ ಬೇರೆಯಾಗುತ್ತದೆ. ವಜ್ರಾಕೃತಿಯ ತುದಿ ತೆಳುಗೆರೆಗೆ, ಚಪ್ಪಟೆ ತುದಿ ಹಿನ್ನೆಲೆಯನ್ನು ತಗ್ಗಿಸಲಿಕ್ಕೆ, ದುಂಡು ತುದಿ ಕಾಲುವೆಯಂಥ ಗೆರೆಗೆ. ಅನುಭವಿಗಳ ಬಳಿ ಇಂತಹ ಹತ್ತಾರು ಉಳಿಗಳಿರುತ್ತವೆ. ಅನೇಕವನ್ನು ಅವರೇ ಸಾಣೆ ಹಿಡಿದು ತಮ್ಮ ಕೈಗೆ ಒಗ್ಗಿಸಿಕೊಂಡಿರುತ್ತಾರೆ. ಉಳಿಯನ್ನು ಸರಿಯಾಗಿ ಸಾಣೆ ಹಿಡಿಯುವುದೇ ಶಿಷ್ಯವೃತ್ತಿಯ ಮೊದಲ ಪಾಠ. ತುದಿ ಮೊಂಡಾದರೆ ಜಾರಿ, ಮುಗಿಯುತ್ತ ಬಂದ ಕೆಲಸದ ಮೇಲೆ ಗೀರು ಬೀಳುತ್ತದೆ.

ಕೆತ್ತಬೇಕಾದ ತುಣುಕನ್ನು ಮರದ ಕುತ್ತಿಯ ಮೇಲೆ ಅರಗಿನಿಂದ ಅಂಟಿಸುತ್ತಾರೆ, ಇಲ್ಲವೆ ಎಲ್ಲ ದಿಕ್ಕಿಗೂ ತಿರುಗುವ ಗುಂಡಿನಾಕಾರದ ಹಿಡಿಕೆಯಲ್ಲಿ ಬಿಗಿಯುತ್ತಾರೆ. ವಕ್ರಗೆರೆಯನ್ನು ಕೆತ್ತುವಾಗ ಉಳಿ ಹೆಚ್ಚು ಅಲುಗುವುದಿಲ್ಲ. ಎಡಗೈ ತುಣುಕನ್ನೇ ಉಳಿಯ ಎದುರಿಗೆ ತಿರುಗಿಸುತ್ತ ಹೋಗುತ್ತದೆ. ಹಿಂದೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮಾತ್ರವಿತ್ತು. ಈಗ ಎರಡು ಕಣ್ಣಿನ ಸೂಕ್ಷ್ಮದರ್ಶಕವೂ ಬಳಕೆಯಲ್ಲಿದೆ.

ಮೊದಲು ಲೋಹದ ಮೇಲೆ ತೆಳುವಾಗಿ ಬಿಳಿ ಬಣ್ಣ ಹಚ್ಚಿ, ಅದರ ಮೇಲೆ ವಿನ್ಯಾಸವನ್ನು ಬರೆದುಕೊಳ್ಳುತ್ತಾರೆ. ಬಳಿಕ ಉಕ್ಕಿನ ಸೂಜಿಯಿಂದ ಗೀಚಿ ಗುರುತು ಮಾಡುತ್ತಾರೆ. ಅನಂತರ ಕೆತ್ತನೆ ಆರಂಭ. ಉಳಿಯನ್ನು ಹಿಡಿದ ಕೋನ ಸ್ವಲ್ಪ ಏರಿದರೂ ಅದು ಲೋಹದೊಳಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಇಳಿದರೂ ಮೇಲ್ಮೈ ಮೇಲೆ ಜಾರುತ್ತದೆ. ಲೋಹದ ಸ್ವಭಾವವೂ ಮುಖ್ಯ. ಚಿನ್ನ ಮೃದು, ಉಕ್ಕು ಗಡುಸು, ಪ್ಲಾಟಿನಂ ಉಳಿಗೆ ಅಂಟಿಕೊಂಡಂತಾಗಿ ತುದಿಯನ್ನು ಬೇಗ ಸವೆಸುತ್ತದೆ. ಚಿತ್ರಕಾರನಿಗೆ ಇರುವ ಅಳಿಸುವ ಅನುಕೂಲ ಇಲ್ಲಿಲ್ಲ. ತೆಗೆದ ಲೋಹ ತೆಗೆದದ್ದೇ. ಆಳವಾದ ತಪ್ಪಾದರೆ ತುಣುಕನ್ನೇ ಬಿಟ್ಟುಬಿಡಬೇಕಾಗುತ್ತದೆ.

ಕಂಡರಣೆಯ ಮುಖ್ಯ ಬಗೆಗಳು

ಗೆರೆ ಕಂಡರಣೆ: ಮೇಲ್ಮೈಯನ್ನು ಸಮತಟ್ಟಾಗಿಯೇ ಉಳಿಸಿ ಗೆರೆಗಳಿಂದ ಮಾತ್ರ ಚಿತ್ರ ಮೂಡಿಸುವುದು. ಒತ್ತಡ ಹೆಚ್ಚಿದಂತೆ ಗೆರೆ ದಪ್ಪವಾಗುತ್ತದೆ, ತಗ್ಗಿದಂತೆ ಎಳೆಯಾಗುತ್ತದೆ. ನೆರಳು ಬೆಳಕುಗಳನ್ನು ಒತ್ತಾದ ಸಮಾನಾಂತರ ಗೆರೆಗಳಿಂದ ತೋರಿಸುತ್ತಾರೆ. ಹೆಸರು, ವಂಶಲಾಂಛನ, ಸಂದೇಶಗಳ ಅಕ್ಷರಗಳು ಈ ಬಗೆಗೆ ಸೇರುತ್ತವೆ.

ಉಬ್ಬು ಕಂಡರಣೆ: ಹಿನ್ನೆಲೆಯ ಲೋಹವನ್ನು ತಗ್ಗಿಸಿ ಆಕೃತಿಯನ್ನು ಮೇಲೆದ್ದು ಕಾಣುವಂತೆ ಮಾಡುವುದು. ಮಿಲಿಮೀಟರಿಗಿಂತ ಕಡಿಮೆ ಆಳದೊಳಗೆ ಹತ್ತಿರದ ಮರ, ದೂರದ ಬೆಟ್ಟ ಎಂಬ ಅಂತರವನ್ನು ತೋರಿಸಬೇಕಾಗುವುದರಿಂದ ಇದಕ್ಕೆ ಶಿಲ್ಪಿಯ ಕಣ್ಣು ಬೇಕು. ಒಂದು ಕವಚಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸಮಯ ಹಿಡಿಯುತ್ತದೆ.

ಶಾಂಲ್ವೆ: ಎನಾಮೆಲ್ ತುಂಬಲಿಕ್ಕಾಗಿ ಲೋಹದಲ್ಲಿ ಗುಳಿಗಳನ್ನು ತೋಡುವುದು. ಕಂಡರಣೆಗಾರ ತೋಡಿದ ಗುಳಿಯಲ್ಲಿ ಎನಾಮೆಲ್ ಕಲಾವಿದ ಬಣ್ಣದ ಗಾಜಿನ ಪುಡಿಯನ್ನು ತುಂಬಿ ಕುಲುಮೆಯಲ್ಲಿ ಸುಡುತ್ತಾನೆ. ತೋಡಿ ತುಂಬುವ ಈ ಕ್ರಮ ನಮ್ಮ ಬೀದರಿನ ಬಿದ್ರಿ ಕಲೆಯನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಬಿದ್ರಿಯಲ್ಲಿ ಸತು ಮತ್ತು ತಾಮ್ರದ ಎರಕದ ಮೇಲೆ ತೋಡಿದ ಜಾಗಕ್ಕೆ ಬೆಳ್ಳಿಯನ್ನು ಕೂರಿಸಿ, ಹಿನ್ನೆಲೆಯನ್ನು ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾರೆ. ಎರಡರಲ್ಲಿಯೂ ಉಳಿಯ ಕೆಲಸ ಮತ್ತೊಂದು ವಸ್ತುವಿಗೆ ನೆಲೆ ಮಾಡಿಕೊಡುವುದು.

ಅಸ್ಥಿಪಂಜರ ಕೆಲಸ: ಯಂತ್ರದ ಫಲಕ ಮತ್ತು ಸೇತುವೆಗಳಲ್ಲಿ ಬಲಕ್ಕೆ ಅಗತ್ಯವಾದಷ್ಟನ್ನು ಮಾತ್ರ ಉಳಿಸಿ ಮಿಕ್ಕ ಲೋಹವನ್ನು ಸಣ್ಣ ಗರಗಸದಿಂದ ಕತ್ತರಿಸಿ ತೆಗೆದು, ಉಳಿದ ಎಳೆಗಳ ಮೇಲೆ ಕೆತ್ತುವುದು. ಇಲ್ಲಿ ಸ್ವಲ್ಪ ಹೆಚ್ಚು ಒತ್ತಿದರೂ ಫಲಕ ಬಾಗುತ್ತದೆ. ಬಾಗಿದರೆ ಚಕ್ರಗಳು ಓಡುವುದಿಲ್ಲ. ಹೀಗಾಗಿ ಕಂಡರಣೆಗಾರನಿಗೆ ಯಂತ್ರದ ತಿಳಿವಳಿಕೆಯೂ ಅಗತ್ಯ.

ಸೇತುವೆಗಳ ಮೇಲೆ ಕಾಣುವ 'ಜಿನೀವಾ ಪಟ್ಟಿ', ಒತ್ತೊತ್ತಾದ ಸಣ್ಣ ವೃತ್ತಗಳು, ಹೊಳಪು ಕೊಟ್ಟ ಓರೆ ಅಂಚುಗಳು ಕೂಡ ಅಲಂಕಾರಗಳೇ. ಆದರೆ ಅವು ಉಜ್ಜಿ ಮಾಡುವ ಮೆರುಗಿನ ಕೆಲಸಗಳಾಗಿದ್ದು, ಕಂಡರಣೆಯಿಂದ ಭಿನ್ನವಾದವು.

ಗಿಲೋಶೆ: ಕೈ ಮತ್ತು ಯಂತ್ರದ ಜುಗಲ್ಬಂದಿ

ಡಯಲುಗಳ ಮೇಲೆ ಕಾಣುವ ಅಲೆಯಲೆಯಾದ, ಹೆಣಿಗೆಯಂತಹ, ಸೂರ್ಯಕಿರಣದಂತಹ ಕ್ರಮಬದ್ಧ ವಿನ್ಯಾಸಕ್ಕೆ 'ಗಿಲೋಶೆ' ಎಂದು ಹೆಸರು. ಇದಕ್ಕೆ ಕೈಯಿಂದ ನಡೆಸುವ ಯಂತ್ರ ಬೇಕು. ಅದರ ತಿರುಗುವ ದಂಡಕ್ಕೆ ಅಲೆಯಂಚಿನ ಬಿಲ್ಲೆಗಳನ್ನು ತೊಡಿಸಿರುತ್ತಾರೆ. ಆ ಅಂಚಿಗೆ ಒತ್ತಿಕೊಂಡ ಕಡ್ಡಿ ಏರಿಳಿದಂತೆ ಡಯಲನ್ನು ಹಿಡಿದ ಭಾಗ ಓಲಾಡುತ್ತದೆ. ಎದುರಿಗಿರುವ ಉಳಿ ಆ ಓಲಾಟವನ್ನೇ ಗೆರೆಯಾಗಿ ಬರೆಯುತ್ತದೆ. ಕುಶಲಕರ್ಮಿ ಒಂದು ಕೈಯಿಂದ ಹಿಡಿಕೆಯನ್ನು ತಿರುಗಿಸುತ್ತ, ಇನ್ನೊಂದು ಕೈಯಿಂದ ಉಳಿಯ ಒತ್ತಡವನ್ನು ಕಾಯ್ದುಕೊಳ್ಳುತ್ತಾನೆ. ಗೆರೆಯಿಂದ ಗೆರೆಗೆ ಇರುವ ಅಂತರವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಅಳೆಯಬೇಕು. ಯಂತ್ರ ಗೆರೆಯ ದಾರಿಯನ್ನು ಮಾತ್ರ ತೋರಿಸುತ್ತದೆ. ಆಳ, ವೇಗ, ಒತ್ತಡಗಳೆಲ್ಲ ಕೈಯವು. ನೂರಾರು ಗೆರೆಗಳಲ್ಲಿ ಕೊನೆಯದೊಂದು ತಪ್ಪಿದರೂ ಡಯಲು ವ್ಯರ್ಥ.

ಗಿಲೋಶೆಯನ್ನು ಗಡಿಯಾರದ ಡಯಲಿಗೆ ಅರ್ಥಪೂರ್ಣವಾಗಿ ತಂದ ಕೀರ್ತಿ ಅಬ್ರಹಾಂ ಲೂಯಿ ಬ್ರೆಗೆ (1747-1823) ಅವರಿಗೆ ಸಲ್ಲುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ಅವರು 1780ರ ದಶಕದಿಂದ ಇದನ್ನು ಬಳಸತೊಡಗಿದರು. ಹೊಳೆಯುವ ಲೋಹದ ಡಯಲು ಬೆಳಕಿಗೆ ಕಣ್ಣು ಕೋರೈಸುತ್ತದೆ. ಸೂಕ್ಷ್ಮ ಗೆರೆಗಳು ಆ ಪ್ರತಿಫಲನವನ್ನು ಚದುರಿಸಿ ಮುಳ್ಳನ್ನು ಸ್ಪಷ್ಟವಾಗಿ ಕಾಣಿಸುತ್ತವೆ. ಗಂಟೆಯ ವೃತ್ತ, ಸೆಕೆಂಡಿನ ವೃತ್ತ ಮೊದಲಾದವಕ್ಕೆ ಬೇರೆ ಬೇರೆ ವಿನ್ಯಾಸ ಕೊಟ್ಟರೆ ಅವು ಒಂದೇ ನೋಟಕ್ಕೆ ಪ್ರತ್ಯೇಕವಾಗುತ್ತವೆ. ತಮ್ಮ ಗಡಿಯಾರಗಳ ನಕಲು ಹೆಚ್ಚಿದಾಗ ಬ್ರೆಗೆ 1795ರ ಸುಮಾರಿನಲ್ಲಿ ಡಯಲಿನ ಮೇಲೆ ಓರೆ ಬೆಳಕಿಗೆ ಮಾತ್ರ ಕಾಣುವಷ್ಟು ಸೂಕ್ಷ್ಮವಾದ 'ಗುಪ್ತ ಸಹಿ'ಯನ್ನೂ ಗೀಚಿಸತೊಡಗಿದರು. ಕಂಡರಣೆ ಗಡಿಯಾರಕ್ಕೆ ನೇರವಾಗಿ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭಗಳಿವು. ಗಿಲೋಶೆ ಗೆರೆಗಳ ಮೇಲೆ ಪಾರದರ್ಶಕ ಎನಾಮೆಲನ್ನು ಹರಿಸುವ ಕ್ರಮವೂ ಉಂಟು. ಆಗ ಗೆರೆಗಳು ತಿಳಿನೀರಿನ ತಳದ ಮರಳಿನ ಅಲೆಗಳಂತೆ ತೋರುತ್ತವೆ.

ಕಂಡರಣೆಗಾರರ ಊರು

ಜುರಾ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿರುವ ಲಾ ಶೋ ದ ಫೋಂ ಪಟ್ಟಣಕ್ಕೆ ಈ ಕಲೆಯ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. 1794ರ ಬೆಂಕಿ ಅನಾಹುತದ ನಂತರ ಮರುನಿರ್ಮಾಣಗೊಂಡ ಈ ಊರು, ಕುಶಲಕರ್ಮಿಗಳ ಮೇಜಿಗೆ ಹಗಲ ಬೆಳಕು ಬೀಳುವಂತೆ ಉದ್ದುದ್ದ ಸಾಲುಮನೆಗಳಾಗಿ ಬೆಳೆಯಿತು. ಗಡಿಯಾರದ ಹತ್ತಾರು ಉಪಕಸುಬುಗಳು ಊರ ತುಂಬ ಹರಡಿದ್ದುದನ್ನು ಕಂಡ ಕಾರ್ಲ್ ಮಾರ್ಕ್ಸ್, 1867ರ ತಮ್ಮ 'ಬಂಡವಾಳ' ಗ್ರಂಥದಲ್ಲಿ ಇದನ್ನು ಒಂದೇ ಬೃಹತ್ ಕಾರ್ಖಾನೆಯಂಥ ಊರೆಂದು ಗುರುತಿಸಿದರು. ನೆರೆಯ ಲ ಲೊಕ್ಲ್ ಪಟ್ಟಣದೊಡನೆ ಇದು 2009ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಸ್ವಂತ ಮೇಜು, ಸ್ವಂತ ಉಳಿ, ಸದ್ದಿಲ್ಲದ ಕೋಣೆಗಳಿದ್ದ ಈ ಕಸುಬುದಾರರು ಕೆಲಸ ಮಾಡುತ್ತಲೇ ಮಾತನಾಡಬಲ್ಲವರಾಗಿದ್ದರು. ಓದು ಮತ್ತು ಚರ್ಚೆಗಳಿಗೆ ಹೆಸರಾಗಿದ್ದರು. 1870ರ ದಶಕದಲ್ಲಿ ಇಲ್ಲಿ ಪ್ರಬಲವಾಗಿದ್ದ 'ಜುರಾ ಒಕ್ಕೂಟ' ಎಂಬ ಕಾರ್ಮಿಕ ಸಂಘಟನೆಯ ಮುಂದಾಳುಗಳಲ್ಲಿ ಒಬ್ಬರಾದ ಆಡೆಮಾರ್ ಶ್ವಿಟ್ಸ್‌ಗೆಬೆಲ್ (1844-1895) ವೃತ್ತಿಯಿಂದ ಕಂಡರಣೆಗಾರರು. 1872ರಲ್ಲಿ ಇಲ್ಲಿಗೆ ಬಂದ ರಷ್ಯದ ಚಿಂತಕ ಪೀಟರ್ ಕ್ರೊಪಾಟ್ಕಿನ್, ಈ ಗಡಿಯಾರದ ಕೆಲಸಗಾರರ ಸ್ವತಂತ್ರ ಮನೋವೃತ್ತಿಯೇ ತಮ್ಮ ಅರಾಜಕತಾವಾದಿ ನಿಲುವನ್ನು ದೃಢಪಡಿಸಿತೆಂದು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಗಡಿಯಾರದ ಅಲಂಕಾರಕ್ಕೆ ಬೇಕಾದ ಕಲಾವಿದರನ್ನು ತರಬೇತುಗೊಳಿಸಲು 1870ರಲ್ಲಿ ಈ ಊರಿನಲ್ಲಿ ಕಲಾಶಾಲೆ ಆರಂಭವಾಯಿತು. ಅಲ್ಲಿಗೆ 1900ರಲ್ಲಿ ಸೇರಿದ ಒಬ್ಬ ಬಾಲಕನ ಹೆಸರು ಶಾರ್ಲ್ ಎದುವಾರ್ ಜನ್ರೆ. ತಂದೆ ಗಡಿಯಾರದ ಡಯಲುಗಳಿಗೆ ಎನಾಮೆಲ್ ಹಚ್ಚುವ ಕೆಲಸದವರು. ಬಾಲಕ ಕವಚದ ಕಂಡರಣೆಯನ್ನು ಕಲಿತನು. ಅವನು ಕೆತ್ತಿದ ಗಡಿಯಾರವೊಂದು 1902ರ ಟ್ಯೂರಿನ್ ಪ್ರದರ್ಶನಕ್ಕೂ ಹೋಗಿತ್ತು. ಆದರೆ ಅವನ ಕಣ್ಣಿನ ಶಕ್ತಿ ಕುಸುರಿ ಕೆಲಸಕ್ಕೆ ಸಾಲುವಂತಿರಲಿಲ್ಲ. ಕಸುಬಿಗೂ ಭವಿಷ್ಯ ಮಸುಕಾಗುತ್ತಿತ್ತು. ಸುತ್ತಣ ಪೈನ್ ಮರಗಳ ರೂಪದಿಂದ ಹೊಸ ಅಲಂಕಾರ ಶೈಲಿಯನ್ನೇ ರೂಪಿಸಿದ ಗುರು ಶಾರ್ಲ್ ಲೆಪ್ಲಾತ್ನಿಯೆ ಶಿಷ್ಯನನ್ನು ವಾಸ್ತುಶಿಲ್ಪದತ್ತ ತಿರುಗಿಸಿದರು. ಮುಂದೆ ಲ ಕಾರ್ಬೂಸಿಯೆ ಎಂಬ ಹೆಸರಿನಿಂದ ಜಗತ್ಪ್ರಸಿದ್ಧರಾಗಿ, ನಮ್ಮ ಚಂಡೀಗಢ ನಗರದ ಯೋಜನೆಯನ್ನು ರೂಪಿಸಿದವರು ಇವರೇ.

ಇಳಿಗಾಲ

ಲೆಪ್ಲಾತ್ನಿಯೆ ಅವರ ಕಾಲಕ್ಕಾಗಲೇ ಈ ಕಸುಬು ಇಳಿಮುಖವಾಗಲು ಕಾರಣಗಳು ಹಲವು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅಮೆರಿಕದ ಕಾರ್ಖಾನೆಗಳು ಯಂತ್ರಗಳಿಂದಲೇ ನಿಖರ ಗಡಿಯಾರಗಳನ್ನು ರಾಶಿರಾಶಿಯಾಗಿ ತಯಾರಿಸುವುದನ್ನು ಕಂಡು ಸ್ವಿಸ್ ಪ್ರತಿನಿಧಿಗಳು ಬೆಚ್ಚಿಬಿದ್ದರು. ಮನೆಯ ಕೋಣೆಗಳಿಂದ ಕೆಲಸ ಕಾರ್ಖಾನೆಗೆ ಸರಿಯಿತು. ಅಚ್ಚು ಒತ್ತಿ ಮೂಡಿಸಿದ ಅಲಂಕಾರ ಅಗ್ಗವಾಗಿ ದೊರೆಯಿತು. ಮೊದಲನೆಯ ಮಹಾಯುದ್ಧದ ನಂತರ ಕೈಗಡಿಯಾರ ಜನಪ್ರಿಯವಾಗಿ ಜೇಬುಗಡಿಯಾರ ಮೂಲೆಗುಂಪಾಯಿತು. ಜೇಬುಗಡಿಯಾರದ ಅಗಲವಾದ ಮುಚ್ಚಳವೇ ಕಂಡರಣೆಗಾರನ ಹೊಲವಾಗಿತ್ತು. ಕೈಗಡಿಯಾರದ ಮುಂಬದಿ ಗಾಜು, ಹಿಂಬದಿ ಚರ್ಮಕ್ಕೆ ಅಂಟಿ ಮರೆಯಾಗುವಂಥದು.

ಇದಕ್ಕೆ ಅಪವಾದವಾಗಿ ಬಂದ ಒಂದು ಗಡಿಯಾರಕ್ಕೆ ಭಾರತದ ನಂಟಿದೆ. ಬ್ರಿಟಿಷ್ ಇಂಡಿಯಾದಲ್ಲಿ ಪೋಲೊ ಆಡುತ್ತಿದ್ದ ಸೇನಾಧಿಕಾರಿಗಳ ಕೈಗಡಿಯಾರದ ಗಾಜು ಆಟದಲ್ಲಿ ಒಡೆಯುತ್ತಿದ್ದುದರಿಂದ, ಮಗುಚಿ ಹಾಕಬಹುದಾದ 'ರಿವರ್ಸೊ' ಎಂಬ ಗಡಿಯಾರವನ್ನು 1931ರಲ್ಲಿ ರೂಪಿಸಲಾಯಿತು. ಗಾಜನ್ನು ಕಾಯಲು ಬಂದ ಅದರ ಲೋಹದ ಬೆನ್ನು ಹೆಸರು, ಲಾಂಛನ, ಚಿತ್ರಗಳ ಕೆತ್ತನೆಗೆ ಮತ್ತೆ ಜಾಗ ಒದಗಿಸಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಕ್ವಾರ್ಟ್ಸ್ ಗಡಿಯಾರದಿಂದ. ಜಪಾನಿನ ಸೀಕೊ ಸಂಸ್ಥೆ 1969ರ ಡಿಸೆಂಬರ್ 25ರಂದು ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. 1970ರಲ್ಲಿ ಸುಮಾರು 90 ಸಾವಿರವಿದ್ದ ಸ್ವಿಸ್ ಗಡಿಯಾರ ಉದ್ಯಮದ ಕೆಲಸಗಾರರ ಸಂಖ್ಯೆ 1980ರ ದಶಕದ ಮಧ್ಯಭಾಗಕ್ಕೆ ಸರಿಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಯಂತ್ರಗಡಿಯಾರವೇ ಬೇಡವಾದಾಗ ಅದರ ಅಲಂಕಾರ ಯಾರಿಗೆ ಬೇಕು? ಅನೇಕ ಗಿಲೋಶೆ ಯಂತ್ರಗಳು ಗುಜರಿಯ ಪಾಲಾದವು. ನಿವೃತ್ತರಾದವರ ಮೇಜುಗಳಿಗೆ ಹೊಸಬರು ಬರಲಿಲ್ಲ.

ಮರುಹುಟ್ಟು

1980ರ ದಶಕದ ಕೊನೆಯಿಂದ ಯಂತ್ರಗಡಿಯಾರಗಳಿಗೆ ಬೇಡಿಕೆ ಮರಳಿತು. ಸಮಯ ಎಲ್ಲೆಡೆ ಅಗ್ಗವಾಗಿ ದೊರೆಯುತ್ತಿದ್ದುದರಿಂದ, ಗಡಿಯಾರಕ್ಕೆ ಹಣ ತೆರುವವರು ಅದರಲ್ಲಿನ ಕೈಕೆಲಸಕ್ಕೆ ಹಣ ತೆರುವವರಾದರು. ಕಂಡರಣೆ ತಾನು ಹೊರಟಲ್ಲಿಗೇ ಬಂದು ನಿಂತಿತೆನ್ನಬಹುದು.

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಗ್ಲಾಸ್‌ಹ್ಯೂಟೆ ಪಟ್ಟಣ ಇದಕ್ಕೆ ಒಳ್ಳೆಯ ಉದಾಹರಣೆ. ಫರ್ಡಿನಾಂಡ್ ಅಡೋಲ್ಫ್ ಲಾಂಗೆ 1845ರಲ್ಲಿ ಇಲ್ಲಿ ಗಡಿಯಾರ ಉದ್ಯಮಕ್ಕೆ ತಳಹದಿ ಹಾಕಿದರು. ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ ಸಂಸ್ಥೆ ರಾಷ್ಟ್ರೀಕರಣಗೊಂಡು ಲಾಂಗೆ ಹೆಸರು ಗಡಿಯಾರಗಳಿಂದ ಮರೆಯಾಯಿತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರಲ್ಲಿ ಅವರ ಮರಿಮಗ ವಾಲ್ಟರ್ ಲಾಂಗೆ ಸಂಸ್ಥೆಯನ್ನು ಮತ್ತೆ ಸ್ಥಾಪಿಸಿದರು. 1994ರಲ್ಲಿ ಮೊದಲ ಗಡಿಯಾರಗಳು ಹೊರಬಂದವು. ಹಳೆಯ ಸಂಪ್ರದಾಯದಂತೆ ಅಲ್ಲಿನ ಗಡಿಯಾರಗಳ ಬ್ಯಾಲೆನ್ಸ್ ಕಾಕ್ ಮೇಲೆ ಕೈಯಿಂದಲೇ ಹೂವಿನ ವಿನ್ಯಾಸವನ್ನು ಕೆತ್ತುತ್ತಾರೆ. ವಿನ್ಯಾಸ ಒಂದೇ ಆದರೂ ಎಲೆಯ ತಿರುವು, ಗೆರೆಯ ಬೀಸು ಒಬ್ಬೊಬ್ಬರದು ಒಂದೊಂದು ತೆರ. ವರ್ಷಗಳ ನಂತರ ದುರಸ್ತಿಗೆ ಬಂದ ಗಡಿಯಾರವನ್ನು ನೋಡಿ ಇದು ಯಾರ ಕೈಕೆಲಸವೆಂದು ಸಹೋದ್ಯೋಗಿಗಳು ಹೇಳಬಲ್ಲರು.

ಕೈಯದೋ, ಯಂತ್ರದ್ದೋ?

ಬೇಡಿಕೆಯೊಡನೆ ಅನುಕರಣೆಯೂ ಬಂದಿತು. ಇಂದು ಲೇಸರ್, ಗಣಕ ನಿಯಂತ್ರಿತ ಯಂತ್ರ, ಅಚ್ಚು, ಆಮ್ಲ ಇವೆಲ್ಲವೂ ಕೆತ್ತನೆಯ ತೋರಿಕೆಯನ್ನು ಕೊಡಬಲ್ಲವು. ಭೂತಗನ್ನಡಿಯಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಉಳಿ ಕತ್ತರಿಸಿದ ಗೆರೆಯ ಇಕ್ಕೆಲಗಳು ಕನ್ನಡಿಯಂತೆ ಹೊಳೆಯುತ್ತವೆ. ಗೆರೆ ದಪ್ಪವಾಗುತ್ತ, ಎಳೆಯಾಗುತ್ತ ಸೂಜಿಮೊನೆಯಂತೆ ಮುಗಿಯುತ್ತದೆ. ಲೇಸರಿನ ಗೆರೆಯ ತಳ ಮಂಕಾಗಿ, ಒರಟಾಗಿ, ಒಂದೇ ಸಮನಾಗಿರುತ್ತದೆ. ಅಚ್ಚೊತ್ತಿದ ಗೆರೆಯ ಅಂಚು ಮೊಂಡು. ಎರಡು ಗಡಿಯಾರಗಳ ವಿನ್ಯಾಸ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದರೆ ಅದು ಕೈಕೆಲಸವಾಗಿರುವುದು ಸಾಧ್ಯವಿಲ್ಲ. ಯಂತ್ರದ ಕೆಲಸ ಕೀಳೆಂದು ಇದರ ಅರ್ಥವಲ್ಲ. ಆದರೆ ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರಿದಾಗ ಪೆಟ್ಟು ಬೀಳುವುದು ಕೊಳ್ಳುವವರಿಗೂ ಕಲಿಯುವವರಿಗೂ.

ಮುಂದಿನ ದಾರಿ

ಲಾ ಶೋ ದ ಫೋಂ ಪಟ್ಟಣದಲ್ಲಿ ಇಂದಿಗೂ ಕಂಡರಣೆಯನ್ನು ಶಾಲೆಯಲ್ಲಿ ಕಲಿಸಲಾಗುತ್ತಿದೆ. ತರಬೇತಿಯ ಅವಧಿ ನಾಲ್ಕು ವರ್ಷ. ಗಿಲೋಶೆಯನ್ನಾದರೋ ಬಹುಮಟ್ಟಿಗೆ ಕಾರ್ಯಾಗಾರಗಳಲ್ಲಿ, ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. 2020ರ ಡಿಸೆಂಬರಿನಲ್ಲಿ ಸ್ವಿಟ್ಜರ್‌ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಜಂಟಿ ಪ್ರಸ್ತಾವದ ಮೇರೆಗೆ ಯಾಂತ್ರಿಕ ಗಡಿಯಾರ ತಯಾರಿಕೆಯ ಕೌಶಲವನ್ನು ಯುನೆಸ್ಕೋ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಕೃತಿಗಳನ್ನು ಲಾ ಶೋ ದ ಫೋಂನಲ್ಲಿ 1974ರಲ್ಲಿ ತೆರೆದ ಅಂತರರಾಷ್ಟ್ರೀಯ ಗಡಿಯಾರ ವಸ್ತುಸಂಗ್ರಹಾಲಯದಲ್ಲಿಯೂ ಜಿನೀವಾದಲ್ಲಿ 2001ರಲ್ಲಿ ತೆರೆದ ಪಾಟೆಕ್ ಫಿಲಿಪ್ ವಸ್ತುಸಂಗ್ರಹಾಲಯದಲ್ಲಿಯೂ ಕಾಣಬಹುದು.

ಕೃತಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಬಹುದು. ಉಳಿ ಹಿಡಿಯುವ ಒತ್ತಡವನ್ನು ಹಾಗೆ ಕಾಪಾಡಲಾಗದು. ಬ್ಯೂರಿನ್ನಿನ ಕೋನವನ್ನು ಪುಸ್ತಕದಲ್ಲಿ ಬರೆದಿಡಬಹುದಾದರೂ, ಲೋಹ ಬಿಟ್ಟುಕೊಡುವ ಕ್ಷಣವನ್ನು ಬೆರಳು ಅರಿಯುವುದು ಸಾವಿರಾರು ಗೆರೆಗಳನ್ನು ಕೆತ್ತಿದ ನಂತರವೇ. ಕ್ವಾರ್ಟ್ಸ್ ಬಿಕ್ಕಟ್ಟಿನ ದಿನಗಳಲ್ಲಿಯೂ ಉಳಿಯನ್ನು ಕೆಳಗಿಡದ ಕೆಲವು ಹಿರಿಯರಿದ್ದುದರಿಂದಲೇ 1990ರ ದಶಕದ ಕಿರಿಯರಿಗೆ ಕಲಿಯಲು ಗುರುಗಳು ದೊರೆತರು. ಒಂದು ತಲೆಮಾರು ಪೂರ್ತಿಯಾಗಿ ತಪ್ಪಿದ್ದರೆ ಈ ಕಲೆ ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಉಳಿಯುತ್ತಿತ್ತು. ಕೈಯಿಂದ ಕೈಗೆ ಸಾಗುವ ಎಲ್ಲ ಕಸುಬುಗಳ ಅಳಿವು ಉಳಿವುಗಳೂ ಇದೇ ಒಂದು ತಲೆಮಾರಿನ ಅಂತರದಲ್ಲಿ ನಿರ್ಧಾರವಾಗುತ್ತವೆ.